ಫಾರಂನಲ್ಲಿ ಇಲ್ಲದ ಪ್ರಶ್ನೆ

14,794. 2011ರ ಜನಗಣತಿಯಲ್ಲಿ ಕರ್ನಾಟಕದ ಕೊರಗ ಸಮುದಾಯದವರ ಸಂಖ್ಯೆ ಇದು. ಅದಕ್ಕೂ ಹತ್ತು ವರ್ಷ ಮೊದಲು, 2001ರಲ್ಲಿ, ಅವರು 16,071 ಮಂದಿ ಇದ್ದರು. ದೇಶದ ಜನಸಂಖ್ಯೆ 102 ಕೋಟಿಯಿಂದ 121 ಕೋಟಿಗೆ ಏರಿದ ಅದೇ ಅವಧಿಯಲ್ಲಿ ನಮ್ಮ ಕರಾವಳಿಯ ಒಂದು ಸಮುದಾಯ ಕರಗಿದೆ. ಕೊರಗರು ಎಂದ ಕೂಡಲೇ ಮಂಗಳೂರು, ಉಡುಪಿ ಕಡೆಯ ನಮಗೆಲ್ಲ ಡೋಲು, ಕೊಳಲು, ಬೆತ್ತ-ಬೀಳಿನ ಬುಟ್ಟಿ ನೆನಪಾಗುತ್ತವೆ. ಆದರೆ ಈ ಸಂಖ್ಯೆ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ನಾನು ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿನಿ. ಆರೋಗ್ಯದ ವಿಷಯ ಬಂದಾಗ ನಮ್ಮ ತರಗತಿಯಲ್ಲಿ ಸಾಮಾನ್ಯವಾಗಿ ರಕ್ತಹೀನತೆ, ಅಪೌಷ್ಟಿಕತೆ, ಕ್ಷಯ, ಮದ್ಯದ ಚಟ ಎಂದು ಪಟ್ಟಿ ಶುರುವಾಗುತ್ತದೆ. ಕ್ಷೇತ್ರಕಾರ್ಯಕ್ಕೆ ಕೊರಗರ ಒಂದು ಕಾಲೊನಿಗೆ ಹೋದಾಗ ನಮ್ಮ ಕೈಗೆ ಸಿಕ್ಕ ಸಮೀಕ್ಷೆಯ ಫಾರಂನಲ್ಲೂ ಇವೇ ಇದ್ದವು. ಅಲ್ಲಿ ಸಮುದಾಯದ ಸಂಘದ ಮಾಸಿಕ ಸಭೆ ನಡೆಯುತ್ತಿತ್ತು. ಸಂಘದ ಹಿರಿಯ ಅಕ್ಕ ಒಬ್ಬರು ಫಾರಂ ತೆಗೆದುಕೊಂಡು, ಕೊನೆಯವರೆಗೂ ಓದಿ, "ಇದರಲ್ಲಿ ಎಲ್ಲ ಉಂಟು ಮೇಡಂ, ಜಾಗದ್ದು ಮಾತ್ರ ಇಲ್ಲ" ಎಂದರು.

ಆರೋಗ್ಯದ ಸಮೀಕ್ಷೆಯಲ್ಲಿ ಜಾಗದ ಪ್ರಶ್ನೆ ಯಾಕೆ? ಅವರೇ ಬಿಡಿಸಿ ಹೇಳಿದರು. "ಹಕ್ಕುಪತ್ರ ಇಲ್ಲದಿದ್ದರೆ ಮನೆ ಮಂಜೂರಾಗುವುದಿಲ್ಲ. ಮನೆಯೇ ಇಲ್ಲದೆ ಪಾಯಿಖಾನೆ, ನಳ್ಳಿ ನೀರು ಎಲ್ಲಿಂದ? ಮಗುವಿಗೆ ಭೇದಿಯಾದರೆ ಡಾಕ್ಟರು ಔಷಧ ಕೊಡುತ್ತಾರೆ. ನಾಳೆ ಪುನಃ ಅದೇ ನೀರು ಕುಡಿಯಬೇಕಲ್ಲ?"

ಸಮುದಾಯದ್ದೇ ಆದ ಸಂಘಟನೆ ಯಾಕೆ ಬೇಕು ಎಂಬುದು ನನಗೆ ಅರ್ಥವಾದದ್ದು ಆ ಮಾತಿನಿಂದ. ನಾವು ರೋಗದ ಹೆಸರು ಕೇಳುತ್ತಿದ್ದೆವು, ಅವರು ರೋಗ ಎಲ್ಲಿಂದ ಬರುತ್ತಿದೆ ಎಂದು ತೋರಿಸುತ್ತಿದ್ದರು.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ದೇಶದಲ್ಲಿ 75 ಬುಡಕಟ್ಟುಗಳನ್ನು 'ವಿಶೇಷವಾಗಿ ದುರ್ಬಲ ಬುಡಕಟ್ಟು' ಎಂದು ಗುರುತಿಸಲಾಗಿದೆ. ಕರ್ನಾಟಕದಿಂದ ಆ ಪಟ್ಟಿಯಲ್ಲಿರುವುದು ಎರಡೇ: ಕೊರಗ ಮತ್ತು ಜೇನುಕುರುಬ. ರಾಜ್ಯ ಸರ್ಕಾರ ಮೊಟ್ಟೆ, ತುಪ್ಪ, ಬೇಳೆಕಾಳು ಇರುವ ಪೌಷ್ಟಿಕ ಆಹಾರ ಕೊಡುತ್ತದೆ. 2023ರ ನವೆಂಬರ್ 15ರಂದು ಕೇಂದ್ರ ಸರ್ಕಾರ ಈ 75 ಸಮುದಾಯಗಳಿಗಾಗಿಯೇ ಪಿಎಂ ಜನಮನ್ ಯೋಜನೆ ಶುರು ಮಾಡಿತು. ಮೂರು ವರ್ಷಕ್ಕೆ ಸುಮಾರು 24,000 ಕೋಟಿ ರೂಪಾಯಿ. ಮನೆ, ರಸ್ತೆ, ಕುಡಿಯುವ ನೀರು, ಸಂಚಾರಿ ವೈದ್ಯಕೀಯ ಘಟಕ ಎಲ್ಲವೂ ಅದರಲ್ಲಿವೆ.

ಹಣ ಇದೆ, ಯೋಜನೆಯೂ ಇದೆ. ಆದರೆ ಏನು ಬೇಕು, ಯಾವುದು ಮೊದಲು ಬೇಕು ಎಂದು ನಿರ್ಧರಿಸುವ ಮೇಜಿನ ಮುಂದೆ ಕೊರಗರು ಇದ್ದಾರೆಯೇ?

ಲೆಕ್ಕ ಹಾಕಿ ನೋಡಿ. ನಮ್ಮ ಒಂದೊಂದು ವಿಧಾನಸಭಾ ಕ್ಷೇತ್ರದಲ್ಲಿ ಹೆಚ್ಚುಕಡಿಮೆ ಎರಡು ಲಕ್ಷ ಮತದಾರರು. ಎರಡು ಜಿಲ್ಲೆಗಳಲ್ಲಿ ಚದುರಿಹೋಗಿರುವ ಹದಿನೈದು ಸಾವಿರಕ್ಕೂ ಕಡಿಮೆ ಜನ, ಅದರಲ್ಲಿ ಮಕ್ಕಳನ್ನು ಬಿಟ್ಟರೆ ಎಷ್ಟು ಮತ? ದಕ್ಷಿಣ ಕನ್ನಡ, ಉಡುಪಿಯಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಒಂದು ವಿಧಾನಸಭಾ ಕ್ಷೇತ್ರವೂ ಇಲ್ಲ. ಬುಡಕಟ್ಟು ಪ್ರದೇಶಗಳಿಗೆ ಸಂವಿಧಾನದ ಐದನೇ ಅನುಸೂಚಿ ಕೊಡುವ ವಿಶೇಷ ವ್ಯವಸ್ಥೆಯೂ ಕರ್ನಾಟಕದ ಯಾವ ಪ್ರದೇಶಕ್ಕೂ ಅನ್ವಯಿಸುವುದಿಲ್ಲ. ಮತದ ಬಲದಿಂದ ಮಾತು ನಡೆಸಿಕೊಳ್ಳಲಾಗದ ಇಂಥ ಸಮುದಾಯಕ್ಕೆ ಉಳಿದಿರುವ ದನಿ ಸಂಘಟನೆ ಮಾತ್ರ.

ಆ ದನಿ ಏನು ಮಾಡಬಲ್ಲದು ಎಂಬುದಕ್ಕೆ ಅಜಲು ಪದ್ಧತಿಯ ಕಥೆ ನೋಡಿ. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು ಇವೆಲ್ಲ ಅಜಲು. ತಮ್ಮ ಮನೆಯ ಕಾಯಿಲೆ, ಕೆಡುಕು ಕೊರಗರ ಮೈಗೆ ದಾಟಿಹೋಗಲಿ ಎಂಬುದು ಇದರ ಹಿಂದಿನ ನಂಬಿಕೆ. ಒಂದು ಸಮುದಾಯದ ಆರೋಗ್ಯಕ್ಕಾಗಿ ಇನ್ನೊಂದು ಸಮುದಾಯದ ಮೈಯನ್ನೇ ಕಸದ ಬುಟ್ಟಿ ಮಾಡಿದ ಪದ್ಧತಿ ಇದು. ಯಾವ ಆಸ್ಪತ್ರೆಯ ದಾಖಲೆಯಲ್ಲೂ ಇದನ್ನು ರೋಗವೆಂದು ಬರೆಯುವ ಜಾಗವಿಲ್ಲ. ಬಹುಕಾಲ ಹೊರಗಿನವರು ಇದನ್ನು 'ಸಂಪ್ರದಾಯ' ಎಂದೇ ಕರೆದರು. ಅದು ಸಂಪ್ರದಾಯ ಅಲ್ಲ, ದೌರ್ಜನ್ಯ ಎಂದು ಕೊರಗರು ಸಂಘಟಿತರಾಗಿ ಎದ್ದು ನಿಂತು ಹೇಳಿದರು. 2000ನೇ ಇಸವಿಯಲ್ಲಿ ಅಜಲು ಪದ್ಧತಿ ನಿಷೇಧ ಕಾಯ್ದೆ ಬಂತು. ನನ್ನ ಪ್ರಕಾರ ಅದು ನಮ್ಮ ರಾಜ್ಯದ ಮುಖ್ಯವಾದ ಆರೋಗ್ಯ ಕಾನೂನುಗಳಲ್ಲಿ ಒಂದು, ಅದರಲ್ಲಿ ಒಂದು ಮಾತ್ರೆಯ ಹೆಸರು ಇಲ್ಲದಿದ್ದರೂ.

ಜಾಗದ ಬೇಡಿಕೆಯೂ ಹಾಗೆಯೇ. 1993ರಲ್ಲಿ ಮಂಗಳೂರಿನಲ್ಲಿ ಕೊರಗರು ನಡೆಸಿದ ಹೋರಾಟದ ನೆನಪಿಗೆ ಇಂದಿಗೂ ಆಗಸ್ಟ್ 18ರಂದು ಭೂಮಿ ಹಬ್ಬ ಆಚರಿಸುತ್ತಾರೆ. ಆ ದಶಕದಲ್ಲೇ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿಭೂಮಿ ಕೊಡಬೇಕೆಂದು ಶಿಫಾರಸು ಮಾಡಿತು. ಇವತ್ತಿಗೂ ಕೊರಗರ ಮನವಿಪತ್ರಗಳಲ್ಲಿ ಮೊದಲು ಕಾಣುವುದು ಈ ವರದಿಯ ಹೆಸರೇ. ತಮ್ಮದೇ ಗದ್ದೆ, ತೋಟ ಇದ್ದ ಮನೆಯಲ್ಲಿ ಊಟ ಹೇಗಿರುತ್ತದೆ, ಕಿಟ್‌ಗಾಗಿ ಕಾಯುವ ಮನೆಯಲ್ಲಿ ಹೇಗಿರುತ್ತದೆ ಎಂದು ಹಳ್ಳಿಯಲ್ಲಿ ಬೆಳೆದ ಯಾರಿಗೂ ವಿವರಿಸಬೇಕಾಗಿಲ್ಲ.

ಇದು ನಮ್ಮ ಊರಿನ ಪಾಠ ಮಾತ್ರ ಅಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳು 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ತಮ್ಮದೇ ವೈದ್ಯಕೀಯ ಸೇವೆ ಶುರು ಮಾಡಿದರು. ಬೇರೆ ಕಡೆ ಅವಮಾನ ಸಹಿಸಲಾಗದೆ ಆಸ್ಪತ್ರೆಯನ್ನೇ ಬಿಟ್ಟಿದ್ದ ಜನ ಅಲ್ಲಿಗೆ ಬಂದರು. ಈಗ ದೇಶದಾದ್ಯಂತ ಸಮುದಾಯವೇ ನಡೆಸುವ ಇಂಥ ನೂರಕ್ಕೂ ಹೆಚ್ಚು ಸಂಸ್ಥೆಗಳಿವೆ. 2008ರಲ್ಲಿ ಅಲ್ಲಿನ ಸರ್ಕಾರ ಮೂಲನಿವಾಸಿಗಳ ಮತ್ತು ಉಳಿದವರ ಆಯುಸ್ಸಿನ ಅಂತರ ಕಡಿಮೆ ಮಾಡುವ ಗುರಿ ಹಾಕಿಕೊಂಡಿತು. ಹೆಚ್ಚಿನ ಗುರಿಗಳು ಈಡೇರಲಿಲ್ಲ. 2020ರಲ್ಲಿ ಹೊಸ ಒಪ್ಪಂದ ಮಾಡುವಾಗ ಮೂಲನಿವಾಸಿ ಸಂಸ್ಥೆಗಳ ಒಕ್ಕೂಟವೂ ಸರ್ಕಾರಗಳ ಜೊತೆ ಸಹಿ ಹಾಕಿತು. ಆ ಒಪ್ಪಂದದಲ್ಲಿ ನಿರ್ಧಾರಗಳನ್ನು ಹಂಚಿಕೊಳ್ಳುವುದೇ ಮೊದಲ ಸುಧಾರಣೆ. ಸಹಿ ಹಾಕಿದ ಮಾತ್ರಕ್ಕೆ ಎಲ್ಲ ಸರಿಯಾಗಲಿಲ್ಲ, ಹಲವು ಗುರಿಗಳು ಅಲ್ಲಿ ಇನ್ನೂ ದೂರವೇ ಇವೆ. ಆದರೆ ಕೇಳದೆ ಮಾಡಿದ ಯೋಜನೆ ನಡೆಯುವುದಿಲ್ಲ ಎಂದು ಒಪ್ಪಿಕೊಂಡದ್ದೂ ದೊಡ್ಡದೇ.

ನಾನು ನೋಡಿದ ಸಂಘವೂ ಪರಿಪೂರ್ಣವಲ್ಲ. ಪದಾಧಿಕಾರಿಗಳಿಗೆ ಸಂಬಳವಿಲ್ಲ. ಕಚೇರಿಯ ಸಭೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಯುವಕರು ಕೆಲಸ ಹುಡುಕಿ ಪೇಟೆಗೆ ಹೋಗುತ್ತಿದ್ದಾರೆ. ಅಭಿಪ್ರಾಯಭೇದಗಳೂ ಇವೆ. ಆದರೂ ಗರ್ಭಿಣಿಯರು ತಪಾಸಣೆಗೆ ಹೋಗುವುದು ಸಂಘದ ಒಬ್ಬ ಅಕ್ಕ ಜೊತೆಗೆ ಬಂದಾಗ. ಬಸ್ಸಿನಲ್ಲಿ, ಚೀಟಿ ಮಾಡಿಸುವ ಸಾಲಿನಲ್ಲಿ, ಡಾಕ್ಟರ ಮುಂದೆ ಆಕೆ ಪಕ್ಕದಲ್ಲೇ ಇರುತ್ತಾರೆ. "ಒಬ್ಬಳೇ ಹೋದರೆ ಬೆಂಚಿನ ಮೂಲೆಯಲ್ಲಿ ಕೂರಬೇಕು, ಇವರಿದ್ದರೆ ನಮ್ಮನ್ನೂ ಹೆಸರು ಹಿಡಿದು ಕರೆಯುತ್ತಾರೆ" ಎಂದು ಒಬ್ಬ ತಾಯಿ ಹೇಳಿದರು. ಈ ಕೆಲಸಕ್ಕೆ ಬಜೆಟ್‌ನಲ್ಲಿ ಯಾವ ಶೀರ್ಷಿಕೆಯೂ ಇಲ್ಲ.

ಹಾಗಾಗಿ ನನ್ನ ಬೇಡಿಕೆ ಸರಳ. ಸಮುದಾಯದ ಸಂಘಟನೆಯನ್ನು ಉದ್ಘಾಟನೆಯ ದಿನ ಡೋಲು ಬಾರಿಸಲು ಕರೆದರೆ ಸಾಲದು. ಯೋಜನೆ ಬರೆಯುವ ದಿನವೇ ಕರೆಯಿರಿ. ಬಂದವರಿಗೆ ಆ ದಿನದ ಕೂಲಿ, ಬಸ್ ಚಾರ್ಜ್ ಕೊಡಿ. ಮನೆ, ನೀರು, ಊಟದ ಪಟ್ಟಿಯಲ್ಲಿ ಯಾವುದು ಮೊದಲು ಎಂದು ಅವರೇ ಹೇಳಲಿ. ಕೆಲಸ ಮುಗಿದ ಮೇಲೆ ಆಗಿದೆಯೋ ಇಲ್ಲವೋ ಎಂದು ಪರಿಶೀಲಿಸಿ ಸಹಿ ಹಾಕುವ ಅಧಿಕಾರವೂ ಅವರಿಗಿರಲಿ.

ನಮ್ಮಂಥ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಸಮಾಜಕಾರ್ಯ, ನರ್ಸಿಂಗ್, ಮೆಡಿಕಲ್ ಓದುವ ನಾವು ಪ್ರತಿ ವರ್ಷ ಈ ಕಾಲೊನಿಗಳಿಗೆ ಫಾರಂ ಹಿಡಿದು ಹೋಗುತ್ತೇವೆ, ಪ್ರಾಜೆಕ್ಟ್ ಮುಗಿಸಿ ಅಂಕ ತೆಗೆದುಕೊಳ್ಳುತ್ತೇವೆ. ಮುಂದಿನ ಬಾರಿ ಹೋಗುವವರು ಪ್ರಶ್ನೆಗಳನ್ನು ಮೊದಲು ಸಂಘಕ್ಕೆ ತೋರಿಸಿ. ಉತ್ತರಗಳ ಒಂದು ಪ್ರತಿಯನ್ನು ಅವರಿಗೇ ಕೊಡಿ, ಮನವಿಪತ್ರ ಬರೆಯುವಾಗ ಬಳಸಿಕೊಳ್ಳುತ್ತಾರೆ. ನಮ್ಮ ತಂಡದ ಫಾರಂಗೆ ಆ ಅಕ್ಕ ಹೇಳಿದ ಮೇಲೆ ಒಂದು ಹೊಸ ಕಾಲಂ ಸೇರಿತು: 'ಹಕ್ಕುಪತ್ರ ಇದೆಯೇ?' ಆ ಕಾಲೊನಿಯಲ್ಲಿ ಹೆಚ್ಚಿನ ಮನೆಗಳವರು ಅದಕ್ಕೆ ಕೊಟ್ಟ ಉತ್ತರ, ಇಲ್ಲ.