ಅಂಗಾಲಿನ ಉರಿಗೆ ಸಾಕ್ಷಿ ಯಾರು?

ಮದ್ದೂರಿನಲ್ಲಿರುವ ನನ್ನ ದೊಡ್ಡಮ್ಮನವರಿಗೆ ರಾತ್ರಿಯೆಂದರೆ ಭಯ. ಹಗಲು ಹೇಗೋ ಕಳೆಯುತ್ತದೆ. ದೀಪವಾರಿಸಿ ಮಲಗಿದೊಡನೆ ಅಂಗಾಲಿಗೆ ಮೆಣಸಿನಕಾಯಿ ಅರೆದು ಬಳಿದಂಥ ಉರಿ. ಹೊದಿಕೆಯ ಅಂಚು ತಗುಲಿದರೂ ಸಹಿಸಲಾರರು. ಎದ್ದು, ತಣ್ಣನೆಯ ಕಲ್ಲುಚಪ್ಪಡಿಯ ಮೇಲೆ ಕಾಲೂರಿ ಕುಳಿತಿರುವರು. ವಿದ್ಯುತ್ತಿನಿಂದ ನರಗಳ ವೇಗವನ್ನು ಅಳೆಯುವ ಪರೀಕ್ಷೆಯೂ ಆಯಿತು. ವರದಿಯಲ್ಲಿ ದೋಷವೇನೂ ಇರಲಿಲ್ಲ. ಅಂದಿನಿಂದ ಮನೆಯವರೆಲ್ಲ ಅವರ ಉರಿಯನ್ನು ಮನಸ್ಸಿನ ಭ್ರಮೆಯೆಂದು ಕರೆಯತೊಡಗಿದರು. ನಾನೂ ಹಾಗೆಯೇ ಭಾವಿಸಿದ್ದೆನೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ವರದಿ ಸುಳ್ಳಾಗಿರಲಿಲ್ಲ, ಅದನ್ನು ನಾವು ಅರ್ಥಮಾಡಿಕೊಂಡ ರೀತಿ ತಪ್ಪಾಗಿತ್ತು.

ನರವೊಂದರಲ್ಲಿ ದಪ್ಪ ತಂತುಗಳೂ ಸಣ್ಣ ತಂತುಗಳೂ ಕೂಡಿಯೇ ಇರುತ್ತವೆ. ಸ್ಪರ್ಶ, ಕಂಪನಗಳ ವಾರ್ತೆಯನ್ನು ಒಯ್ಯುವ ದಪ್ಪ ತಂತುಗಳ ವೇಗ ಸೆಕೆಂಡಿಗೆ ಸುಮಾರು 50 ಮೀಟರು. ನೋವು, ಬಿಸಿಗಳನ್ನು ತಿಳಿಸುವ ಅತಿ ಸಣ್ಣ ತಂತುಗಳದು ಸುಮಾರು 1 ಮೀಟರು ಮಾತ್ರ. ಒಂದು, ಮಂಡ್ಯದ ನಿಲ್ದಾಣವನ್ನು ನಿಲ್ಲದೆ ದಾಟುವ ರೈಲು. ಇನ್ನೊಂದು, ಹಳಿಯ ಪಕ್ಕದ ಕಾಲುದಾರಿಯಲ್ಲಿ ನಡೆದುಬರುವ ರೈತ. ನರತಂತುಗಳ ಈ ಭೇದವನ್ನು ತೋರಿಸಿಕೊಟ್ಟ ಎರ್ಲಾಂಗರ್ ಮತ್ತು ಗ್ಯಾಸರ್ ಎಂಬ ವಿಜ್ಞಾನಿಗಳಿಗೆ 1944ರ ನೊಬೆಲ್ ಪಾರಿತೋಷಕ ದೊರೆಯಿತು. ಸಾಮಾನ್ಯ ವಿದ್ಯುತ್ ಪರೀಕ್ಷೆ ರೈಲುಗಳನ್ನು ಮಾತ್ರ ಎಣಿಸುತ್ತದೆ. ನಡೆದುಬರುವವನು ದಾರಿಯಲ್ಲೇ ಕುಸಿದರೂ ಅದಕ್ಕೆ ತಿಳಿಯದು.

ಹಾಗಾದರೆ ಸಣ್ಣ ತಂತುಗಳನ್ನು ಪರೀಕ್ಷಿಸುವುದೆಂತು? ಮಳವಳ್ಳಿಯ ಕಡೆ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರ ಬೆರಳುಗಳು ನೀರಿನಲ್ಲಿ ಸುಕ್ಕುಗಟ್ಟುವುದನ್ನು ನೋಡದವರಾರು? ಚರ್ಮ ನೀರು ಕುಡಿದು ಹಾಗಾಗುವುದೆಂದು ನಾವು ತಿಳಿದಿದ್ದೇವೆ. ನಿಜವಾಗಿ, ಸಣ್ಣ ನರತಂತುಗಳು ಬೆರಳ ತುದಿಯ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತದೆ. ನರ ಕಡಿದ ಬೆರಳು ಸುಕ್ಕುಗಟ್ಟುವುದಿಲ್ಲ. ಲೂಯಿಸ್ ಮತ್ತು ಪಿಕರಿಂಗ್ ಎಂಬವರು 1936ರಲ್ಲಿ ಇದನ್ನು ಗುರುತಿಸಿದರು. 1973ರಲ್ಲಿ ಓರಿಯಾನ್ ಎಂಬ ಶಸ್ತ್ರವೈದ್ಯರು ಇದನ್ನೇ ಪರೀಕ್ಷೆಯನ್ನಾಗಿಸಿದರು. ಸುಮಾರು 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 30 ನಿಮಿಷ ಕೈಯಿಟ್ಟು ವೈದ್ಯರು ಸುಕ್ಕುಗಳನ್ನು ನೋಡುತ್ತಾರೆ. ಆದರೆ ಉರಿಯುವ ಕಾಲನ್ನು ಮನೆಯಲ್ಲಿ ಬಿಸಿನೀರಿಗಿಟ್ಟು ಪರೀಕ್ಷಿಸಬಾರದು. ಬಿಸಿ ತಿಳಿಯದ ಕಾಲು ಸುಟ್ಟರೂ ತಿಳಿಯುವುದಿಲ್ಲ.

ಇನ್ನೂ ನಿಖರವಾದ ಉಪಾಯಗಳುಂಟು. ಪಾದಕ್ಕೆ ಪುಟ್ಟದೊಂದು ಫಲಕವನ್ನು ಕಟ್ಟಿ, 32 ಡಿಗ್ರಿಯಿಂದ ಮೆಲ್ಲಮೆಲ್ಲನೆ ಬಿಸಿಯನ್ನೋ ತಂಪನ್ನೋ ಹೆಚ್ಚಿಸುತ್ತಾರೆ. ಅರಿವಾದೊಡನೆ ರೋಗಿ ಗುಂಡಿಯೊತ್ತಬೇಕು. ಇನ್ನೊಂದು, ಕಾಲಿನ ಗಿಣ್ಣಿನ ಮೇಲ್ಭಾಗದಿಂದ 3 ಮಿಲಿಮೀಟರ್ ಅಗಲದ ಚರ್ಮವನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ತಂತುಗಳನ್ನು ಎಣಿಸುವುದು.

ದೊಡ್ಡಮ್ಮನವರನ್ನು ಆಮೇಲೆ ನೋಡಿದ ಹಿರಿಯ ವೈದ್ಯರಿಗೆ ಮೊದಲು ಯಂತ್ರವೇ ಬೇಕಾಗಲಿಲ್ಲ. ತಣ್ಣನೆಯ ಲೋಹದ ತುಂಡೊಂದನ್ನು ಪಾದಕ್ಕೆ ತಾಗಿಸಿದರು.

“ಏನೋ ತಗುಲಿತು ಡಾಕ್ಟ್ರೇ. ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯಲಿಲ್ಲ.”

ಸ್ಪರ್ಶವನ್ನು ತಿಳಿಸುವ ತಂತು ಉಳಿದಿದೆ, ತಂಪನ್ನು ತಿಳಿಸುವುದು ಸೋತಿದೆ ಎಂಬುದಕ್ಕೆ ಅದೇ ಸೂಚನೆ. ಬಿಸಿ ತಂಪುಗಳ ಪರೀಕ್ಷೆಯೂ ಅದನ್ನೇ ಹೇಳಿತು. ಹೊರಗಿನ ಬಿಸಿಯನ್ನು ಅರಿಯಲಾರದ ಜಖಂಗೊಂಡ ತಂತು, ಇಲ್ಲದ ಬೆಂಕಿಯನ್ನು ತಾನೇ ಸಾರುತ್ತಿರುವುದು ಈ ಬೇನೆಯ ವಿಚಿತ್ರ.

1933ರಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾದ ಮಂಡ್ಯವನ್ನು ಸಕ್ಕರೆಯ ನಾಡೆಂದು ಹೆಮ್ಮೆಯಿಂದ ಕರೆಯುತ್ತೇವೆ. ರಕ್ತದಲ್ಲಿ ಏರಿದ ಸಕ್ಕರೆ ಮಾತ್ರ ಹೆಮ್ಮೆಯ ವಿಷಯವಲ್ಲ. ಸಣ್ಣ ತಂತುಗಳನ್ನು ಸವೆಸುವ ಕಾರಣಗಳಲ್ಲಿ ಅದು ಮುಖ್ಯವಾದುದು. ಬಿ-12 ಜೀವಸತ್ವದ ಕೊರತೆ, ಮದ್ಯಪಾನ, ಕುಷ್ಠರೋಗಗಳೂ ನರಗಳನ್ನು ಕೆಡಿಸಬಲ್ಲವು. ಕಾರಣ ತಿಳಿದರೆ ಅದಕ್ಕೆ ಚಿಕಿತ್ಸೆಯುಂಟು. ಉರಿಯನ್ನು ತಗ್ಗಿಸುವ ಔಷಧಗಳೂ ಉಂಟು.

ದೊಡ್ಡಮ್ಮನವರ ಉರಿ ಪೂರ್ತಿ ಹೋಗಿಲ್ಲ, ಕಡಮೆಯಾಗಿದೆ. ಮೊನ್ನೆ ಹೋಗಿದ್ದಾಗ ಅವರು ಹೇಳಿದರು: “ಉರಿ ಇದ್ದರೆ ಇರಲಿ ಕಣಪ್ಪ. ನಾನು ಸುಳ್ಳು ಹೇಳಲಿಲ್ಲ ಅಂತ ನಿಮಗೆಲ್ಲ ಗೊತ್ತಾಯಿತಲ್ಲ, ಈಗ ನಿದ್ದೆ ಬರುತ್ತೆ.”