ಶಂಕರಘಟ್ಟದ ಕರಿ ಲೇಪ

ಭದ್ರಾವತಿಯ ನ್ಯೂ ಟೌನ್ ಕಬ್ಬಿಣದ ಕಾರ್ಖಾನೆಯನ್ನು ಆಶ್ರಯಿಸಿ ಬೆಳೆದ ಬಡಾವಣೆಯಾಗಿದ್ದು, ಆ ಕಾರ್ಖಾನೆಯ ಮೊದಲ ಉಸಿರು ಮಲೆನಾಡಿನ ಮರದಿಂದ ಬಂದಿತು. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ಮೈಸೂರು ಸಂಸ್ಥಾನವು ಸ್ಥಾಪಿಸಿದ ಕಾರ್ಖಾನೆ 1923ರ ಜನವರಿ 18ರಂದು ಉತ್ಪಾದನೆ ಆರಂಭಿಸಿದಾಗ, ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಲು ಕಲ್ಲಿದ್ದಲಿನ ಬದಲು ಇದ್ದಿಲನ್ನು ಬಳಸಲಾಯಿತು. ಸುತ್ತಲಿನ ಕಾಡಿನ ಮರವನ್ನು ಗಾಳಿಯಿಲ್ಲದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಪಡೆಯುವ ಆ ಕ್ರಮದಿಂದ ಮೆಥನಾಲ್, ಡಾಂಬರು, ಅಸಿಟೇಟ್ ಮುಂತಾದ ರಾಸಾಯನಿಕಗಳೂ ದೊರೆಯುತ್ತಿದ್ದವು. ಹೀಗೆ ಇಂಗಾಲವೆಂಬ ಧಾತು ಈ ತಾಲ್ಲೂಕಿನ ಬದುಕನ್ನು ಕಟ್ಟಿತು. ಅದೇ ತಾಲ್ಲೂಕಿನ ಶಂಕರಘಟ್ಟದಲ್ಲಿ, ಭದ್ರಾ ಜಲಾಶಯಕ್ಕೆ ಹತ್ತಿರದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ, ಅದೇ ಧಾತು ಕೆಲವೇ ಗ್ರಾಂ ಕಪ್ಪು ಪುಡಿಯ ರೂಪದಲ್ಲಿ, ಮನುಷ್ಯನ ಮೆದುಳು ಸ್ರವಿಸುವ ರಾಸಾಯನಿಕವೊಂದನ್ನು ಗುರುತಿಸುವ ಸಾಧನವಾಗಿದೆ.

ವಿಶ್ವವಿದ್ಯಾಲಯದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಭದ್ರಾ ಅಣೆಕಟ್ಟೆಯ ಕಾಮಗಾರಿಗಾಗಿ ಹುಟ್ಟಿಕೊಂಡ ಬಿ.ಆರ್. ಪ್ರಾಜೆಕ್ಟ್ ಎಂಬ ಊರಿನಲ್ಲಿ ಮೈಸೂರು ವಿಶ್ವವಿದ್ಯಾಲಯವು ನಡೆಸುತ್ತಿದ್ದ ಸ್ನಾತಕೋತ್ತರ ಕೇಂದ್ರದ ಬುನಾದಿಯ ಮೇಲೆ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ರೂಪುಗೊಂಡಿತು. ಕಾದಂಬರಿಕಾರ ಶಾಂತಿನಾಥ ದೇಸಾಯಿ ಅದರ ಮೊದಲ ಕುಲಪತಿಗಳಾಗಿದ್ದರು. ಆವರಣಕ್ಕೆ ಜ್ಞಾನ ಸಹ್ಯಾದ್ರಿ ಎಂಬ ಹೆಸರು ಬಂದಿತು. ಗಣಿತಶಾಸ್ತ್ರ ವಿಭಾಗದ ಬಿ.ಜೆ. ಗಿರೀಶ ಅವರು ದ್ರವಗಳ ಚಲನೆ ಮತ್ತು ಉಷ್ಣ ಪ್ರಸರಣದ ಕುರಿತು, ಪರಿಸರ ವಿಜ್ಞಾನ ವಿಭಾಗದ ಎಸ್.ವಿ. ಕೃಷ್ಣಮೂರ್ತಿ ಅವರು ಮಲೆನಾಡಿನ ಕಪ್ಪೆಗಳ ಕುರಿತು ನಡೆಸಿದ ಅಧ್ಯಯನಗಳು ಪ್ರತ್ಯೇಕ ಲೇಖನಕ್ಕೆ ಅರ್ಹವಾಗಿವೆ. ಇಲ್ಲಿ ಪರಿಚಯಿಸುತ್ತಿರುವುದು ಕೈಗಾರಿಕಾ ರಸಾಯನಶಾಸ್ತ್ರ ವಿಭಾಗದಲ್ಲಿ ಬಿ.ಇ. ಕುಮಾರಸ್ವಾಮಿ ಮತ್ತು ಅವರ ಸಂಶೋಧನಾ ವಿದ್ಯಾರ್ಥಿಗಳು ದೀರ್ಘಕಾಲದಿಂದ ಬೆಳೆಸಿಕೊಂಡು ಬಂದಿರುವ ಇಂಗಾಲದ ಲೇಪದ ವಿದ್ಯುದ್ವಾರವನ್ನು.

ವಿದ್ಯುದ್ವಾರವೆಂದರೆ ದ್ರಾವಣಕ್ಕೂ ವಿದ್ಯುತ್ ಮಂಡಲಕ್ಕೂ ನಡುವೆ ಎಲೆಕ್ಟ್ರಾನುಗಳು ದಾಟಿಹೋಗುವ ಬಾಗಿಲು. ಚಿನ್ನ, ಪ್ಲಾಟಿನಂನಂಥ ಲೋಹಗಳಿಂದ ಮಾಡಿದ ವಿದ್ಯುದ್ವಾರಗಳು ದುಬಾರಿ. 1922ರಲ್ಲಿ ಜೆಕ್ ವಿಜ್ಞಾನಿ ಹೆಯ್ರೋವ್‌ಸ್ಕಿ ಬಳಕೆಗೆ ತಂದ ತೊಟ್ಟಿಕ್ಕುವ ಪಾದರಸದ ವಿದ್ಯುದ್ವಾರವು ಅವರಿಗೆ 1959ರಲ್ಲಿ ನೊಬೆಲ್ ಪ್ರಶಸ್ತಿ ತಂದುಕೊಟ್ಟಿತಾದರೂ ಪಾದರಸ ವಿಷ. ಪಾದರಸದ ಹನಿಯ ಬದಲು ಇಂಗಾಲದ ಹನಿಯನ್ನು ತೊಟ್ಟಿಕ್ಕಿಸಲು ಹೊರಟಿದ್ದ ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ರಾಲ್ಫ್ ಆಡಮ್ಸ್, ಆ ಪ್ರಯತ್ನ ಕೈಗೂಡದೆ ಉಳಿದಾಗ ಕೈಯಲ್ಲಿದ್ದ ಗಟ್ಟಿ ಲೇಪವನ್ನೇ ವಿದ್ಯುದ್ವಾರವಾಗಿಸಬಹುದೆಂದು ಕಂಡುಕೊಂಡು 1958ರಲ್ಲಿ ಅದನ್ನು ಪ್ರಕಟಿಸಿದರು. ಶ್ರೀಮಂತ ಪ್ರಯೋಗಾಲಯಗಳಿಲ್ಲದ ದೇಶಗಳ ರಸಾಯನಶಾಸ್ತ್ರಜ್ಞರಿಗೆ ಆ ಪ್ರಕಟಣೆ ದೊಡ್ಡ ಉಪಕಾರವಾಯಿತು.

ಶಂಕರಘಟ್ಟದಲ್ಲಿ ಅನುಸರಿಸುವ ವಿಧಾನವೂ ಮೂಲತಃ ಅದೇ. ನುಣ್ಣನೆಯ ಗ್ರಾಫೈಟ್ ಪುಡಿಯ 70 ಭಾಗಕ್ಕೆ ಸಿಲಿಕೋನ್ ಎಣ್ಣೆಯ 30 ಭಾಗವನ್ನು ಸೇರಿಸಿ, ಅಗೇಟ್ ಕಲ್ಲಿನ ಪುಟ್ಟ ಒರಳಿನಲ್ಲಿ ಸುಮಾರು ಅರ್ಧ ಗಂಟೆ ಕೈಯಿಂದ ಅರೆಯಲಾಗುತ್ತದೆ. ಮನೆಯಲ್ಲಿ ದೀಪದ ಮಸಿಗೆ ಹರಳೆಣ್ಣೆ ಬೆರೆಸಿ ಕಾಡಿಗೆ ಮಾಡುವಾಗ ಒದಗುವ ಹದವೇ ಇಲ್ಲಿಯೂ ಬೇಕು. ಎಣ್ಣೆ ಹೆಚ್ಚಾದರೆ ಎಲೆಕ್ಟ್ರಾನುಗಳ ದಾರಿ ಮುಚ್ಚುತ್ತದೆ, ಕಡಿಮೆಯಾದರೆ ಲೇಪ ಉದುರುತ್ತದೆ. ಹದಕ್ಕೆ ಬಂದ ಲೇಪವನ್ನು ಸುಮಾರು 3 ಮಿಲಿಮೀಟರ್ ವ್ಯಾಸದ ನಳಿಕೆಯ ತುದಿಗೆ ಒತ್ತಿ ತುಂಬಿ, ಹಿಂದಿನಿಂದ ತಾಮ್ರದ ತಂತಿಯನ್ನು ತಾಕಿಸಿ, ಮುಖವನ್ನು ಕಾಗದದ ಮೇಲೆ ಉಜ್ಜಿ ನಯಗೊಳಿಸಿದರೆ ವಿದ್ಯುದ್ವಾರ ಸಿದ್ಧ. ಕೆಟ್ಟರೆ ಹಳೆಯ ಲೇಪವನ್ನು ತೆಗೆದು ಹೊಸದನ್ನು ತುಂಬಬಹುದು. ಅತ್ಯಂತ ಸೂಕ್ಷ್ಮವಾದ ಅಳತೆಯ ಮೊದಲ ಹೆಜ್ಜೆ ಹೀಗೆ ಕೈಯ ಕಸುಬಿನ ಮೇಲೆಯೇ ನಿಂತಿರುವುದು ಈ ವಿಜ್ಞಾನದ ಅತ್ಯಂತ ಆಪ್ತವಾದ ಸಂಗತಿ.

ಈ ಸಾಧನವು ಹುಡುಕುವ ವಸ್ತುಗಳಲ್ಲಿ ಮುಖ್ಯವಾದುದು ಡೋಪಮೈನ್. ಅದು ಮೆದುಳಿನ ಒಂದು ನರಕೋಶದಿಂದ ಮತ್ತೊಂದಕ್ಕೆ ಸಂದೇಶ ಒಯ್ಯುವ ರಾಸಾಯನಿಕವೆಂಬುದನ್ನು 1950ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ತೋರಿಸಿಕೊಟ್ಟರು. ಅದನ್ನು ಉತ್ಪಾದಿಸುವ ಕೋಶಗಳು ನಶಿಸಿದಾಗ ಕೈ ನಡುಗುವ, ನಡಿಗೆ ಬಿಗಿಯುವ ಪಾರ್ಕಿನ್ಸನ್ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಡೋಪಮೈನ್ ತಾನಾಗಿಯೇ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡಬಲ್ಲದಾದ್ದರಿಂದ ಅದನ್ನು ವಿದ್ಯುತ್ತಿನ ಮೂಲಕ ಅಳೆಯಬಹುದು. ವಿದ್ಯುದ್ವಾರದ ವಿಭವವನ್ನು ಒಂದೇ ವೇಗದಲ್ಲಿ ಏರಿಸಿ ಮತ್ತೆ ಇಳಿಸುತ್ತ ಹರಿಯುವ ವಿದ್ಯುತ್ತನ್ನು ದಾಖಲಿಸುವ ಸೈಕ್ಲಿಕ್ ವೋಲ್ಟಮೆಟ್ರಿ ಎಂಬ ವಿಧಾನದಲ್ಲಿ, ಡೋಪಮೈನಿನ ಪ್ರತಿ ಅಣುವೂ ಎರಡು ಎಲೆಕ್ಟ್ರಾನು ಮತ್ತು ಎರಡು ಪ್ರೋಟಾನುಗಳನ್ನು ಕಳೆದುಕೊಳ್ಳುವ ಹಂತದಲ್ಲಿ ರೇಖೆ ಶಿಖರವಾಗಿ ಏಳುತ್ತದೆ. ಶಿಖರದ ಸ್ಥಾನ ವಸ್ತು ಯಾವುದೆಂದೂ ಎತ್ತರ ಅದು ಎಷ್ಟಿದೆಯೆಂದೂ ತಿಳಿಸುತ್ತವೆ.

ಆದರೆ ದೇಹದ ದ್ರವಗಳಲ್ಲಿ ಡೋಪಮೈನ್ ಒಂಟಿಯಾಗಿರುವುದಿಲ್ಲ. ವಿಟಮಿನ್ ಸಿ ಎಂದು ಎಲ್ಲರಿಗೂ ಪರಿಚಿತವಾದ ಆಸ್ಕಾರ್ಬಿಕ್ ಆಮ್ಲವು ಅದಕ್ಕಿಂತ ನೂರಾರು ಪಟ್ಟು ಹೆಚ್ಚು ಪ್ರಮಾಣದಲ್ಲಿರುತ್ತದೆ, ಯೂರಿಕ್ ಆಮ್ಲವೂ ಜೊತೆಗಿರುತ್ತದೆ, ಮತ್ತು ಬರಿಯ ಇಂಗಾಲದ ಮೇಲೆ ಇವುಗಳ ಶಿಖರಗಳು ಒಂದರ ಮೇಲೊಂದು ಬಿದ್ದು ಅಸ್ಪಷ್ಟವಾಗುತ್ತವೆ. ಶಂಕರಘಟ್ಟದ ಸಂಶೋಧನೆಯ ತಿರುಳು ಇರುವುದು ಈ ಗೋಜಲನ್ನು ಬಿಡಿಸುವುದರಲ್ಲಿ. ಅಮೈನೊ ಆಮ್ಲವನ್ನೋ ಬಣ್ಣದ ವಸ್ತುವನ್ನೋ ಕರಗಿಸಿದ ದ್ರಾವಣದಲ್ಲಿ ವಿದ್ಯುದ್ವಾರವನ್ನು ಅದ್ದಿ, ವಿಭವವನ್ನು ಹಲವು ಬಾರಿ ಏರಿಳಿಸಿದರೆ, ಅಣುಗಳು ಸರಪಣಿಯಾಗಿ ಹೆಣೆದುಕೊಂಡು ಇಂಗಾಲದ ಮುಖದ ಮೇಲೆ ತೆಳುವಾದ ಪಾಲಿಮರ್ ಪದರವಾಗುತ್ತವೆ. ರಕ್ತಕ್ಕೆ ಸಮನಾದ 7.4ರ ಪಿಎಚ್‌ನಲ್ಲಿ ಡೋಪಮೈನ್ ಧನ ವಿದ್ಯುದಂಶವನ್ನೂ ಆಸ್ಕಾರ್ಬಿಕ್ ಆಮ್ಲವು ಋಣ ವಿದ್ಯುದಂಶವನ್ನೂ ಹೊತ್ತಿರುವುದರಿಂದ, ಋಣ ವಿದ್ಯುದಂಶವುಳ್ಳ ಪದರವು ಮೊದಲನೆಯದನ್ನು ಹತ್ತಿರ ಸೆಳೆದು ಎರಡನೆಯದನ್ನು ದೂರ ತಳ್ಳಬಲ್ಲದು, ಹಾಗಾದಾಗ ಬೆರೆತಿದ್ದ ಶಿಖರಗಳು ಬೇರೆಬೇರೆಯಾಗುತ್ತವೆ. ಕುಮಾರಸ್ವಾಮಿ ಮತ್ತು ಹಿರಿಯ ಪ್ರಾಧ್ಯಾಪಕ ಬಿ.ಎಸ್. ಶೇರಿಗಾರ ಅವರನ್ನೊಳಗೊಂಡ ತಂಡವು ಅತಿ ಸರಳ ಅಮೈನೊ ಆಮ್ಲವಾದ ಗ್ಲೈಸಿನ್‌ನ ಪದರದಿಂದ ಡೋಪಮೈನ್ ಮತ್ತು ಆಸ್ಕಾರ್ಬಿಕ್ ಆಮ್ಲಗಳನ್ನು ಒಟ್ಟಿಗೇ ಗುರುತಿಸಿದ ಬಗೆಯನ್ನು 2009ರಲ್ಲಿ ವಿದ್ಯುತ್ ವಿಶ್ಲೇಷಣೆಯ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿತು. ಆಮೇಲೆ ಬಣ್ಣಗಳು, ಸಾಬೂನಿನ ಗುಣವುಳ್ಳ ವಸ್ತುಗಳು, ಲೋಹದ ಆಕ್ಸೈಡಿನ ನ್ಯಾನೊಕಣಗಳು ಒಂದೊಂದಾಗಿ ಪರೀಕ್ಷೆಗೆ ಒಳಗಾದವು. ಪೆನ್ಸಿಲ್ಲಿನ ಕಡ್ಡಿಯೂ ವಿದ್ಯುದ್ವಾರವಾಯಿತು. ಕುಮಾರಸ್ವಾಮಿ ಮತ್ತು ಗಿರೀಶ ಇಬ್ಬರೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸಿದ್ಧಪಡಿಸುವ, ಜಗತ್ತಿನ ಹೆಚ್ಚು ಉಲ್ಲೇಖಿತ ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ ಪಡೆದದ್ದು ಸುದ್ದಿಯಾಯಿತು. ಆದರೆ ಕಾಡಂಚಿನ ಸರ್ಕಾರಿ ವಿಶ್ವವಿದ್ಯಾಲಯವೊಂದು ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳ ಕೈಗೆ ಈ ವಿದ್ಯೆಯನ್ನು ದಾಟಿಸುತ್ತ ಬಂದಿರುವುದು ಆ ಪಟ್ಟಿಗಿಂತ ದೊಡ್ಡ ಸಾಧನೆ.

ಇಷ್ಟಾದರೂ ಈ ಫಲಿತಾಂಶಗಳು ಬಹುಮಟ್ಟಿಗೆ ಪ್ರಯೋಗಾಲಯದ ದ್ರಾವಣಗಳಿಗೆ ಸೀಮಿತವಾಗಿವೆ. ಅವು ಆಸ್ಪತ್ರೆಯನ್ನು ಮುಟ್ಟಬೇಕಾದರೆ ಲೇಪವನ್ನು ಕೈಯಿಂದ ಅರೆಯುವ ಬದಲು ಶಾಯಿಯಂತೆ ಪರೀಕ್ಷಾ ಪಟ್ಟಿಯ ಮೇಲೆ ಮುದ್ರಿಸಬೇಕು, ಸಾವಿರ ಪಟ್ಟಿಗಳೂ ಒಂದೇ ಉತ್ತರ ಕೊಡಬೇಕು, ಅದಕ್ಕೆ ಹೊಂದುವ ಕೈಗಾತ್ರದ ಯಂತ್ರ ಬೇಕು. ಇದು ಅಸಾಧ್ಯವಲ್ಲ, 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ಮುಂದಿಟ್ಟ ಕಿಣ್ವದ ವಿದ್ಯುದ್ವಾರದ ಕಲ್ಪನೆಯೇ ಬೆಳೆದು, ಇಂದು ಮಧುಮೇಹಿಗಳು ಮನೆಯಲ್ಲೇ ಸಕ್ಕರೆ ನೋಡಿಕೊಳ್ಳುವ ಗ್ಲುಕೋಮೀಟರ್ ಆಗಿದೆ, ಅದರ ಹಲವು ಬಗೆಯ ಪಟ್ಟಿಗಳ ಮೇಲೆ ಮುದ್ರಿತವಾಗಿರುವುದು ಇಂಗಾಲವೇ. ಶಂಕರಘಟ್ಟದಲ್ಲಿ ರಸಾಯನಶಾಸ್ತ್ರವಿದೆ, ಭದ್ರಾವತಿಯಲ್ಲಿ ವಿ.ಐ.ಎಸ್.ಎಸ್.ಜೆ. ಪಾಲಿಟೆಕ್ನಿಕ್ ಇದೆ, ಮೂರು ತಲೆಮಾರು ಲೋಹ ಮತ್ತು ಯಂತ್ರಗಳ ನಡುವೆ ಪಳಗಿದ ಕುಶಲ ಕುಟುಂಬಗಳಿವೆ.

ಈ ಎರಡು ಊರುಗಳ ನಡುವಿನ ಅಂತರ 20 ಕಿಲೋಮೀಟರ್ ಮೀರುವುದಿಲ್ಲವಾದರೂ ಅವುಗಳನ್ನು ಕೂಡಿಸುವ ವ್ಯವಸ್ಥೆ ಬೆಳೆದಿಲ್ಲ. ಭದ್ರಾವತಿಯ ಕಾರ್ಖಾನೆ ಉತ್ಪಾದನೆ ಆರಂಭಿಸಿ ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದು, ಕಾರ್ಮಿಕರ ಹೋರಾಟದ ಬಳಿಕ ಅದೇ ವರ್ಷ ಒಂದು ಭಾಗ ಮತ್ತೆ ಚಾಲನೆಗೊಂಡಿತು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನಿವೃತ್ತರಾದ ಪ್ರಾಧ್ಯಾಪಕರ ಜಾಗಗಳು ವರ್ಷಗಟ್ಟಲೆ ತುಂಬದೆ ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. ಲೇಪದ ಹದವನ್ನು ಬೆರಳಿನಲ್ಲೇ ಬಲ್ಲ ವಿದ್ಯಾರ್ಥಿಗಳು ಡಾಕ್ಟರೇಟ್ ಮುಗಿಸಿ ಬೆಂಗಳೂರಿನ ಔಷಧ ಕಂಪನಿಗಳಿಗೂ ವಿದೇಶಗಳಿಗೂ ಹೊರಡುತ್ತಾರೆ, ನ್ಯೂ ಟೌನಿನ ತಂತ್ರಜ್ಞರ ಮಕ್ಕಳೂ ಅದೇ ದಾರಿ ಹಿಡಿಯುತ್ತಾರೆ, ಇಬ್ಬರೂ ಕೂತು ಮೊದಲ ಪಟ್ಟಿಯನ್ನು ಮುದ್ರಿಸಬಹುದಾಗಿದ್ದ ಕಾರ್ಯಾಗಾರವು ಈ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಬೇಕಾಗಿದೆ.