ಎಂಟು ಕಿಟಕಿಗಳ ಮನೆ ಉಳಿದ ಬಗೆ

2011ರ ಸೆಪ್ಟೆಂಬರ್. ಮೈಸೂರಿನ ಯಾದವಗಿರಿಯ ವಿವೇಕಾನಂದ ರಸ್ತೆಯಲ್ಲಿ ಹಳೆಯ ಮಹಡಿ ಮನೆಯೊಂದನ್ನು ಕೆಡವುವ ಕೆಲಸ ಶುರುವಾಗಿತ್ತು. ಅಲ್ಲಿ ಅಪಾರ್ಟ್‌ಮೆಂಟ್ ಏಳುವುದಿತ್ತು. ಅದು ಇಂಗ್ಲಿಷ್ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರ ಮನೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ಊರಿನಲ್ಲಿ ಗಲಾಟೆಯಾಯಿತು, ನಗರಪಾಲಿಕೆ ಕೆಲಸ ನಿಲ್ಲಿಸಿತು. ಅಷ್ಟರಲ್ಲಿ ಮನೆಯ ಒಂದಷ್ಟು ಭಾಗ ಉರುಳಿಯೇ ಹೋಗಿತ್ತು.

ನಾರಾಯಣ್ ಕತೆಗಳ ಕಲ್ಪನೆಯ ಊರು ಮಾಲ್ಗುಡಿ ಹುಟ್ಟಿದ್ದು ಬೆಂಗಳೂರಿನಲ್ಲಿ. 1930ರಲ್ಲಿ ಅಜ್ಜಿ ನೋಡಿಕೊಟ್ಟ ಶುಭದಿನದಂದು ನೋಟ್‌ಬುಕ್ ಕೊಂಡು ತಂದು ಬರೆಯಲು ಕೂತ ನಾರಾಯಣ್‌ಗೆ ಮೊದಲು ಕಂಡದ್ದು ಮಾಲ್ಗುಡಿಯ ರೈಲು ನಿಲ್ದಾಣ. ಆದರೆ ಅವರು ಬೇರು ಬಿಟ್ಟದ್ದು ಮೈಸೂರಿನಲ್ಲಿ. 1940ರ ದಶಕದ ಕೊನೆಗೆ ಯಾದವಗಿರಿಯಲ್ಲಿ ಮನೆ ಕಟ್ಟಲು ಹೊರಟರು. ಮುಗಿಯಲು ವರ್ಷಗಳೇ ಹಿಡಿದವು. ಕುಟುಂಬವೆಲ್ಲ ಲಕ್ಷ್ಮೀಪುರದಲ್ಲಿದ್ದಾಗ ಇದು ಅವರ ಬರವಣಿಗೆಯ ಬಿಡಾರ.

ಆ ಮನೆಯ ಜೀವವೆಲ್ಲ ಮಹಡಿಯ ಮೇಲಿನ ಕೋಣೆಯಲ್ಲಿದೆ. ಮುಂದಕ್ಕೆ ಚಾಚಿಕೊಂಡ ಆ ಕೋಣೆಗೆ ಎಂಟು ಕಿಟಕಿಗಳು. ದಕ್ಷಿಣಕ್ಕೆ ಚಾಮುಂಡಿಬೆಟ್ಟದ ಗುಡಿ, ಪೂರ್ವಕ್ಕೆ ಊರಿನ ಗೋಪುರ ಗುಮ್ಮಟಗಳು, ಸುತ್ತ ಮೇಯುವ ದನ, ಹಾದುಹೋಗುವ ರೈಲು. ಬರೆಯಲೆಂದೇ ಕಟ್ಟಿಸಿದ ಕೋಣೆಯಲ್ಲಿ ನೋಡುತ್ತ ಕೂರುವುದೇ ಕೆಲಸವಾಯಿತು. ಕೊನೆಗೆ ಕಿಟಕಿಗೆ ಬೂದುಬಣ್ಣದ ಪರದೆ ಎಳೆದ ಮೇಲೆಯೇ ದಿನಕ್ಕೆ ಸಾವಿರ ಪದ ಸಾಗಿತೆಂದು ಅವರೇ ಹೇಳಿಕೊಂಡಿದ್ದಾರೆ.

ವಯಸ್ಸಾದ ಮೇಲೆ ಚೆನ್ನೈಗೆ ಹೋದರು, 2001ರ ಮೇ 13ರಂದು ಅಲ್ಲಿಯೇ ತೀರಿಕೊಂಡರು. ಮುಂದೆ ಆದದ್ದು ನಮ್ಮಲ್ಲಿ ಎಲ್ಲ ಹಳೆಯ ಮನೆಗಳಿಗೂ ಆಗುವಂಥದ್ದೇ. ವಾರಸುದಾರರಿಗೆ ಮನೆ ಆಸ್ತಿ. ಬಿಲ್ಡರ್‌ಗೆ ಅದು ನಿವೇಶನ. ಕೆಡವುವ ಕೆಲಸ ನಿಂತ ಮೇಲೆ ವಾರಸುದಾರರೊಂದಿಗೆ ಮಾತುಕತೆ ನಡೆದು, ಸುಮಾರು 2.4 ಕೋಟಿ ರೂಪಾಯಿಗೆ ಮನೆ ಸಾರ್ವಜನಿಕರ ಆಸ್ತಿಯಾಯಿತು.

ಆಗ ಎದ್ದಿತು ಜಗಳ. ಹಿರಿಯ ಕನ್ನಡ ಸಾಹಿತಿಗಳು ಹಲವರು ಸೇರಿ ಮನೆಯನ್ನು ಸ್ಮಾರಕ ಮಾಡುವುದನ್ನು ವಿರೋಧಿಸಿದರು. ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡಕ್ಕೆ ಅವರಿಂದ ಏನೂ ಬಂದಿಲ್ಲ, ಹಸ್ತಪ್ರತಿಗಳನ್ನೂ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಹೀಗಿರುವಾಗ ಜನರ ತೆರಿಗೆ ಹಣ ಏಕೆ ಎಂಬುದು ಅವರ ವಾದ. ಅದರೊಳಗಿನ ನೋವು ನಿಜ. ಕನ್ನಡದ ಎಷ್ಟೋ ದೊಡ್ಡವರ ಮನೆಗಳನ್ನು ಕೇಳುವವರಿಲ್ಲ. ಆದರೆ ಆ ನೋವಿಗೆ ಮದ್ದು ಇನ್ನೊಂದು ಮನೆಯನ್ನು ಉಳಿಸುವುದೇ ಹೊರತು ಇದನ್ನು ಬೀಳಿಸುವುದಲ್ಲ. ಮೈಸೂರಿನ ಬೀದಿಯ ಬದುಕನ್ನು ಜಗತ್ತಿಗೆ ಕಾಣಿಸಿದವರು ನಾರಾಯಣ್. ಅವರ ಕತೆಗಳನ್ನು ಆಗುಂಬೆಗೆ ಒಯ್ದು ಮನೆಮನೆಯ ಟೀವಿಗೆ ತಂದವರು ನಮ್ಮ ಶಂಕರ್‌ನಾಗ್.

ಪಾಲಿಕೆ ಮನೆಯನ್ನು ದುರಸ್ತಿ ಮಾಡಿಸಿ 2016ರ ಜುಲೈನಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಈಗ ಬೆಂಗಳೂರಿಗೆ ಬನ್ನಿ. 1892ರ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರ. ಜಗಲಿ, ಮಂಗಳೂರು ಹೆಂಚು, ಮಂಕಿಟಾಪ್ ಕಿಟಕಿ, ರೆಡ್‌ಆಕ್ಸೈಡ್ ನೆಲದ ಮನೆಗಳು ಒಂದೊಂದಾಗಿ ಹೋಗುತ್ತಿವೆ. ಮಾರುವವರನ್ನು ಬೈದು ಫಲವಿಲ್ಲ. ನಾಲ್ವರು ಮಕ್ಕಳಿಗೆ ಪಾಲಾಗಬೇಕಾದ ಮನೆಯಲ್ಲಿ ಬೆಲೆ ಇರುವುದು ನೆಲಕ್ಕೆ, ಗೋಡೆಗಲ್ಲ. ಜಾಯಿಂಟ್ ಡೆವಲಪ್‌ಮೆಂಟ್‌ಗೆ ಕೊಟ್ಟರೆ ತಲೆಗೊಂದು ಫ್ಲ್ಯಾಟ್. ಉಳಿಸಿಕೊಂಡರೆ ಮಳೆಗಾಲದ ಸೋರಿಕೆ, ಗೆದ್ದಲು, ಹೆಂಚು ಹೊದಿಸುವವರ ಹುಡುಕಾಟ. ಮಲ್ಲೇಶ್ವರದಲ್ಲಿ ಸಿ.ವಿ. ರಾಮನ್ ಅವರ ‘ಪಂಚವಟಿ’ ಇಂದಿಗೂ ನಿಂತಿದ್ದರೆ, ಅದು ಟ್ರಸ್ಟಿನ ಕೈಯಲ್ಲಿದ್ದು ಮಾರಾಟಕ್ಕೆ ಬಾರದ ಪುಣ್ಯ.

ರಸ್ತೆಗೆ ದೊಡ್ಡವರ ಹೆಸರಿಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ, ಬಸವನಗುಡಿಯಲ್ಲಿ ಡಿ.ವಿ.ಜಿ. ರಸ್ತೆಯಿದೆ. ಮನೆ ಉಳಿಸಲು ಫಲಕ ಸಾಲದು, ಹಣ ಬೇಕು. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ಇಲ್ಲಿ ಟಿಡಿಆರ್, ಅಂದರೆ ಬೇರೆಡೆ ಬಳಸಬಹುದಾದ ಅಥವಾ ಮಾರಬಹುದಾದ ಕಟ್ಟುವ ಹಕ್ಕು, ಸಿಗುತ್ತದೆ. ಮುಂಬೈಯಲ್ಲಿ ಪಾರಂಪರಿಕ ಕಟ್ಟಡ ಉಳಿಸಿಕೊಂಡವರಿಗೂ ಅಂಥ ಹಕ್ಕು ಕೊಡುವ ನಿಯಮವಿದೆ. ಬೆಂಗಳೂರಿನ ಮಾಲೀಕರಿಗೂ ಅದು ಕೈಗೆ ಸಿಗುವಂತಾಗಲಿ. ಇಂಥ ಮನೆ ಮಾರಾಟಕ್ಕೆ ಬಂದಾಗ ಮೊದಲು ಕೊಳ್ಳುವ ಅವಕಾಶ ಸರ್ಕಾರಕ್ಕಿರಲಿ. ಯಾದವಗಿರಿಯ ಮನೆ ಉಳಿದದ್ದು ಸುದ್ದಿ ಸಕಾಲಕ್ಕೆ ಹೊರಬಿದ್ದದ್ದರಿಂದ. ಪ್ರತಿ ಮನೆಗೂ ಆ ಅದೃಷ್ಟವಿರುವುದಿಲ್ಲ. ಕಾನೂನು ಬೇಕಿರುವುದು ಅದಕ್ಕೇ.